ಕೆಳಗೆ ಶಾಲೆ, ಮೇಲೆ ಮನೆ

(ಮೈಸೂರಿನಲ್ಲಿ ಶಿಕ್ಷಕರು, ಪೋಷಕರು ಮತ್ತು ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಒಂದೇ ಕಟ್ಟಡದಲ್ಲಿ ಮನೆಗಳನ್ನೂ ಶಾಲೆಯನ್ನೂ ಕಟ್ಟಬಹುದೇ, ಕಟ್ಟುವುದಾದರೆ ಹೇಗೆ? ಇವತ್ತಿನ ವಿಷಯ ಇದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ಕಟ್ಟಬಹುದು. ಮೈಸೂರಿನಂಥ ಊರಿನಲ್ಲಿ ಕಟ್ಟಬೇಕು ಕೂಡ. ಆದರೆ ನೆಲ ಶಾಲೆಯದಾಗಿರಬೇಕು, ಕಾಗದಪತ್ರದಲ್ಲೂ ಸರಿ, ಮಕ್ಕಳ ಕಾಲಡಿಯಲ್ಲೂ ಸರಿ. ಇದೊಂದನ್ನು ಬಿಟ್ಟುಕೊಡದೆ ಇದ್ದರೆ ಉಳಿದದ್ದನ್ನೆಲ್ಲ ಹೊಂದಿಸಿಕೊಳ್ಳಬಹುದು.

ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ದಟ್ಟಗಳ್ಳಿ, ಬೋಗಾದಿ, ವಿಜಯನಗರ ನಾಲ್ಕನೇ ಹಂತದ ಕಡೆಯಿಂದ ಊರೊಳಕ್ಕೆ ಬರುವ ರಸ್ತೆಗಳನ್ನು ನೋಡಿ. ಶಾಲೆಯ ವ್ಯಾನು, ತುಂಬಿದ ಆಟೊ, ಸ್ಕೂಟರಿನ ಮುಂದೆ ನಿಂತ ಯುಕೆಜಿ ಮಗು, ಹಿಂದೆ ಬ್ಯಾಗಿನ ಭಾರಕ್ಕೆ ವಾಲಿಕೊಂಡು ಕೂತ ಅಕ್ಕ. ಮನೆಗಳು ಊರಾಚೆಗೆ ಹೋದವು, ಹೆಸರಾದ ಶಾಲೆಗಳು ಊರೊಳಗೇ ಉಳಿದವು. ಬಡಾವಣೆಯ ನಕ್ಷೆಯಲ್ಲಿ ಶಾಲೆಯಂಥ ನಾಗರಿಕ ಸೌಲಭ್ಯಕ್ಕೆಂದು ಸಿಎ ಸೈಟ್ ಅಂತ ಜಾಗ ಬಿಟ್ಟಿರುತ್ತಾರೆ, ನಿಜ. ಸುತ್ತ ಮನೆಗಳೆದ್ದು ಎಷ್ಟೋ ವರ್ಷವಾದರೂ ಅಂಥ ಎಷ್ಟೋ ಸೈಟುಗಳಲ್ಲಿ ಪಾರ್ಥೇನಿಯಂ ಬೆಳೆದಿರುತ್ತದೆ, ಯಾರದೋ ಹಳೇ ಮನೆ ಕೆಡವಿದ ಮಣ್ಣು ಬಿದ್ದಿರುತ್ತದೆ.

ಇನ್ನೊಂದು ಕಡೆ ಏನಾಗಿದೆ ನೋಡಿ. 40×60 ಸೈಟಿನ ಮನೆಯೊಂದನ್ನು ಬಾಡಿಗೆಗೆ ಹಿಡಿದು ಶಾಲೆ ಶುರುಮಾಡುತ್ತಾರೆ. ಬೆಡ್‌ರೂಮಿನಲ್ಲಿ ಎಲ್‌ಕೆಜಿ, ಹಾಲಿನಲ್ಲಿ ಪ್ರಾರ್ಥನೆ, ಕಾರು ನಿಲ್ಲಿಸುವ ಜಾಗದಲ್ಲಿ ಆಟ. ಮಹಡಿಯ ಮೇಲೆ ಮನೆಯವರು ವಾಸ. ಅಂಗನವಾಡಿಗಳ ಕಥೆಯೂ ಬೇರೆಯಲ್ಲ. 1975ರಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಕರ್ನಾಟಕದಲ್ಲಿ ಮೊದಲು ಶುರುವಾದದ್ದು ನಮ್ಮದೇ ಜಿಲ್ಲೆಯ ತಿ. ನರಸೀಪುರದಲ್ಲಿ. ಇಷ್ಟು ವರ್ಷಗಳ ಮೇಲೂ ನಗರದಲ್ಲಿ ಎಷ್ಟೋ ಅಂಗನವಾಡಿಗಳು ಬಾಡಿಗೆ ಕೋಣೆಯಲ್ಲೇ ಇವೆ. ಅಂದರೆ ಮನೆ ಮತ್ತು ಶಾಲೆ ಒಂದೇ ಸೂರಿನಡಿ ಈಗಾಗಲೇ ಬಂದಾಗಿದೆ. ಯೋಚನೆ ಮಾಡಿ, ಅಳತೆ ಹಾಕಿ, ಜವಾಬ್ದಾರಿಯಿಂದ ಮಾಡಿದ ಕೆಲಸ ಮಾತ್ರ ಆಗಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಮನೆಯಿಂದ ಶಾಲೆ ಎಷ್ಟು ದೂರ ಇರಬೇಕು ಅನ್ನುವುದು ರಾಜ್ಯದ ನಿಯಮಗಳಲ್ಲಿದೆ: ಐದನೇ ತರಗತಿಯವರೆಗೆ 1 ಕಿಲೋಮೀಟರ್, ಎಂಟರವರೆಗೆ 3 ಕಿಲೋಮೀಟರ್. ಶಾಲೆಯಲ್ಲಿ ಏನಿರಬೇಕು ಅನ್ನುವುದು ಕಾಯ್ದೆಯ ಅನುಸೂಚಿಯಲ್ಲಿದೆ: ಒಬ್ಬ ಶಿಕ್ಷಕರಿಗೆ ಒಂದಾದರೂ ಕೊಠಡಿ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಗಾಲಿಕುರ್ಚಿಯ ಮಗುವೂ ಅಡ್ಡಿಯಿಲ್ಲದೆ ಒಳಬರುವ ದಾರಿ, ಆಟದ ಮೈದಾನ, ಗ್ರಂಥಾಲಯ. ಅದೇ ಅನುಸೂಚಿಯಲ್ಲಿ ಇನ್ನೊಂದು ಲೆಕ್ಕವಿದೆ, ನನಗೆ ಬಹಳ ಮುಖ್ಯ ಅನ್ನಿಸುವುದು ಅದು. ಐದರವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. ವರ್ಷಕ್ಕೆ ಇರುವುದು 8760 ಗಂಟೆ. ಒಂಬತ್ತರಲ್ಲಿ ಒಂದು ಪಾಲು ಹೊತ್ತು ಮಾತ್ರ ತರಗತಿ ನಡೆಯುತ್ತದೆ. ರಾತ್ರಿ, ತಯಾರಿಯ ಹೊತ್ತು ಎಲ್ಲ ಕಳೆದರೂ ಸಂಜೆ, ಭಾನುವಾರ, ದಸರಾ ರಜೆ, ಬೇಸಿಗೆ ರಜೆ ಅಂತ ಮೈದಾನಕ್ಕೂ ಗ್ರಂಥಾಲಯಕ್ಕೂ ಬೀಗ ಬಿದ್ದಿರುವ ಹೊತ್ತು ಲೆಕ್ಕವಿಲ್ಲದಷ್ಟು. ಅದೇ ಬೀದಿಯ ಮಕ್ಕಳು ಆಗ ಆಡುವುದು ರಸ್ತೆಯಲ್ಲಿ.

ಮನೆ ಮತ್ತು ಶಾಲೆಯನ್ನು ಕೂಡಿಸಿ ಯೋಚಿಸುವುದು ಹೊಸದೇನಲ್ಲ. ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲಿ ನೆರೆಹೊರೆಯ ಘಟಕ ಎಂಬ ಕಲ್ಪನೆ ಮುಂದಿಟ್ಟರು. ನಡುವೆ ಪ್ರಾಥಮಿಕ ಶಾಲೆ, ಅದಕ್ಕೆ ಸಾಲುವಷ್ಟು ಮನೆಗಳು ಸುತ್ತ, ವಾಹನದ ದೊಡ್ಡ ರಸ್ತೆಗಳು ಅಂಚಿನಲ್ಲಿ. ಮಗು ದೊಡ್ಡ ರಸ್ತೆ ದಾಟದೆ ನಡೆದೇ ಶಾಲೆ ಸೇರಬೇಕು. ಚಂಡೀಗಢದ 800 ಮೀಟರಿಗೆ 1200 ಮೀಟರ್ ಅಳತೆಯ ಸೆಕ್ಟರುಗಳಿಗೂ ಹೆಚ್ಚೂಕಡಿಮೆ ಇದೇ ಯೋಚನೆ. ಈ ಯೋಚನೆಯನ್ನು ಒಂದೇ ಕಟ್ಟಡಕ್ಕೆ ತಂದವರು ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ. ಫ್ರಾನ್ಸಿನ ಮಾರ್ಸೇಯಲ್ಲಿ 1952ರಲ್ಲಿ ಮುಗಿದ ಅವರ ವಸತಿ ಕಟ್ಟಡದಲ್ಲಿ 337 ಮನೆಗಳು, ಮೇಲುಗಡೆ ಶಿಶುವಿಹಾರ, ತಾರಸಿಯಲ್ಲಿ ಮಕ್ಕಳಿಗೆ ನೀರಾಟದ ಕೊಳ. ಮಕ್ಕಳೆಲ್ಲ ಹೆಚ್ಚಾಗಿ ಅದೇ ಕಟ್ಟಡದವರು, ಸಂಖ್ಯೆಯೂ ಕಡಿಮೆ, ಹಾಗಾಗಿ ಮೇಲಿಟ್ಟರೂ ನಡೆಯಿತು. ನಮ್ಮ ಶಾಲೆಗೆ ಇಡೀ ಬಡಾವಣೆಯ ಮಕ್ಕಳು ಬರುತ್ತಾರೆ. ಅದನ್ನು ಮೇಲೆ ಇಡಲಾಗದು.

ನ್ಯೂಯಾರ್ಕಿನ ಉದಾಹರಣೆ ನಮಗೆ ಹೆಚ್ಚು ಹತ್ತಿರ. ಫ್ರಾಂಕ್ ಗೆರಿ ವಿನ್ಯಾಸ ಮಾಡಿದ 8 ಸ್ಪ್ರೂಸ್ ಸ್ಟ್ರೀಟ್ ಕಟ್ಟಡ 2011ರಲ್ಲಿ ಮುಗಿಯಿತು, 76 ಮಹಡಿ, ಸುಮಾರು 900 ಬಾಡಿಗೆ ಮನೆಗಳು. ಕೆಳಗಿನ ಐದು ಮಹಡಿಗಳಲ್ಲಿ ಸುಮಾರು ಒಂದು ಲಕ್ಷ ಚದರಡಿಯ ಸರ್ಕಾರಿ ಶಾಲೆ. ಮೇಲಿನ ಭಾಗಕ್ಕೆ ಹೊಳೆಯುವ ಉಕ್ಕಿನ ಹೊದಿಕೆ, ಶಾಲೆಗೆ ಇಟ್ಟಿಗೆ ಗೋಡೆ. ಅಷ್ಟು ಎತ್ತರ ನಮಗೆ ಬೇಕಿಲ್ಲ, ಅರಮನೆಯ ಊರಿಗೆ ಒಪ್ಪುವುದೂ ಇಲ್ಲ. ನಾವು ನೋಡಬೇಕಾದದ್ದು ಹಣದ ದಾರಿ. ಶಾಲೆ ಕಟ್ಟಲೆಂದೇ ಆ ನಗರದಲ್ಲಿ 1960ರ ದಶಕದಿಂದ ಒಂದು ನಿಧಿ ಸಂಸ್ಥೆಯಿದೆ. ಶಾಲೆಯ ನೆಲದ ಮೇಲೆ ಮನೆ ಅಥವಾ ಕಚೇರಿ ಕಟ್ಟಲು ದೀರ್ಘಾವಧಿಯ ಗುತ್ತಿಗೆ ಕೊಡುತ್ತದೆ, ಅದರಿಂದ ಬರುವ ಹಣ ಹೊಸ ಶಾಲೆ ಕಟ್ಟಲು ತೆಗೆದ ಸಾಲಕ್ಕೆ ಜಮೆಯಾಗುತ್ತದೆ. ಸಿಂಗಪುರದಲ್ಲಿ ಇನ್ನೂ ಸರಳ. ಸರ್ಕಾರಿ ವಸತಿ ಕಟ್ಟಡಗಳ ನೆಲಮಹಡಿಯನ್ನು ಖಾಲಿ ಬಿಟ್ಟು, ಅಲ್ಲೇ ಒಂದು ಭಾಗದಲ್ಲಿ ಶಿಶುವಿಹಾರ ನಡೆಸುತ್ತಾರೆ.

ಈಗ ನಮ್ಮ ಊರಿಗೆ ಬರೋಣ. ಒಂದು ಎಕರೆಯ ಸಿಎ ಸೈಟ್ ಇದೆ ಅಂದುಕೊಳ್ಳಿ, ಸುಮಾರು 4000 ಚದರ ಮೀಟರ್. ಒಂದರಿಂದ ಎಂಟರವರೆಗೆ ತರಗತಿಗೆ 30ರಂತೆ 240 ಮಕ್ಕಳು. ಕೊಠಡಿ, ಓಡಾಟದ ಜಾಗ, ಗ್ರಂಥಾಲಯ, ಸಭಾಂಗಣ ಎಲ್ಲ ಸೇರಿ 2000 ಚದರ ಮೀಟರ್. ಅದರ ಮೇಲೆ 65 ಚದರ ಮೀಟರಿನ 40 ಮನೆಗಳು, ಮಹಡಿಗೆ ಹತ್ತರಂತೆ ನಾಲ್ಕು ಮಹಡಿ. ಕಟ್ಟಡ ನೆಲದ ಮೇಲೆ ಹಿಡಿಯುವ ಜಾಗ 1200 ಚದರ ಮೀಟರಿನೊಳಗೆ ನಿಲ್ಲುತ್ತದೆ. ದಾರಿ, ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಎಲ್ಲ ಕಳೆದರೂ ಮಕ್ಕಳಿಗೆ ಓಡಲು ಒಳ್ಳೆಯ ಜಾಗ ಉಳಿಯುತ್ತದೆ.

ಲೆಕ್ಕ ಸುಲಭ. ಕಷ್ಟ ಇರುವುದು ವಿವರದಲ್ಲಿ.

ಮೊದಲನೆಯದು ಮೆಟ್ಟಿಲು. ತುರ್ತಿನಲ್ಲಿ ಎಷ್ಟು ಜನ ಹೊರಬರಬೇಕು ಎಂದು ಲೆಕ್ಕ ಹಾಕುವಾಗ ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಗೆ ಒಬ್ಬರಿಗೆ 12.5 ಚದರ ಮೀಟರ್ ಹಿಡಿಯುತ್ತದೆ, ಶಾಲೆಗೆ 4. ಅದೇ ಅಳತೆಯ ಮಹಡಿಯಲ್ಲಿ ಮನೆಗಳಿದ್ದರೆ ನೂರು ಜನ, ಶಾಲೆಯಿದ್ದರೆ ಮುನ್ನೂರು ದಾಟುತ್ತದೆ. ಮನೆಯ ಮೆಟ್ಟಿಲಿನ ಎತ್ತರ 190 ಮಿಲಿಮೀಟರ್‌ವರೆಗೆ ಇರಬಹುದು, ಶಾಲೆಯದು 150 ದಾಟಬಾರದು. ಶಾಲೆಯ ಮೆಟ್ಟಿಲ ಸಾಲು ಒಂದೂವರೆ ಮೀಟರ್ ಅಗಲವಾದರೂ ಬೇಕು. ಬೆಲ್ ಹೊಡೆದಾಗ ಶಾಲೆಯ ಮೆಟ್ಟಿಲ ಬುಡದಲ್ಲಿ ಒಮ್ಮೆ ನಿಂತು ನೋಡಿ. ಎಂಟನೇ ತರಗತಿಯವರು ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಾರೆ, ಒಂದನೇ ತರಗತಿಯವರು ಒಂದೊಂದು ಮೆಟ್ಟಿಲ ಮೇಲೂ ಎರಡೂ ಕಾಲಿಟ್ಟು, ಗೋಡೆ ಹಿಡಿದು ಬರುತ್ತಾರೆ. ದೊಡ್ಡವರ ಎತ್ತರಕ್ಕಿರುವ ಕಂಬಿ ಆ ಪುಟ್ಟ ಕೈಗೆ ಎಟುಕುವುದೇ ಇಲ್ಲ. ಕೆಳಗೊಂದು ಎರಡನೇ ಕಂಬಿ ಕೂರಿಸಲು ಆಗುವ ಖರ್ಚು ಎಷ್ಟು ಮಹಾ? ಆದರೂ ಅದನ್ನು ಹಾಕುವ ಕಟ್ಟಡಗಳು ಅಪರೂಪ. ಮನೆಯವರ ಮೆಟ್ಟಿಲು, ಲಿಫ್ಟ್ ಬೇರೆ, ಶಾಲೆಯ ಮೆಟ್ಟಿಲು ಬೇರೆ. ಎರಡೂ ಒಂದೇ ಕಡೆ ಇಳಿಯಬಾರದು.

2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಬೆಂಕಿಗೆ ಬಲಿಯಾದರು. ಅಡುಗೆ ಕೋಣೆಯಲ್ಲಿ ಹತ್ತಿದ ಬೆಂಕಿ ಗರಿಯ ಚಾವಣಿಗೆ ಹಬ್ಬಿತು, ಮಕ್ಕಳಿಗೆ ಹೊರಬರುವ ದಾರಿ ಸಾಲಲಿಲ್ಲ. ಅದಾದ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಶಾಲೆಗಳಿಗೂ ಅಗ್ನಿ ಸುರಕ್ಷತೆ ಕಡ್ಡಾಯ ಮಾಡಿತು. ಮೇಲೆ ನಲವತ್ತು ಅಡುಗೆಮನೆ, ಕೆಳಗೆ ಬಿಸಿಯೂಟದ ಒಲೆ ಇರುವ ಕಟ್ಟಡದ ಪ್ರತಿ ಗೆರೆ ಎಳೆಯುವಾಗಲೂ ಆ ಮಕ್ಕಳು ನೆನಪಿನಲ್ಲಿರಬೇಕು. ಬಿಸಿಯೂಟದ ಅಡುಗೆಮನೆ ಮುಖ್ಯ ಕಟ್ಟಡದಿಂದ ದೂರ, ಒಂದೇ ಅಂತಸ್ತಿನದಾಗಿರಲಿ. ಸಿಲಿಂಡರುಗಳು ಹೊರಗೆ, ಗಾಳಿಯಾಡುವ ಗೂಡಿನಲ್ಲಿ. ಶಾಲೆ ಮತ್ತು ಮನೆಗಳ ನಡುವಿನ ಸ್ಲ್ಯಾಬಿನಲ್ಲಿ ಹೊಗೆ ನುಸುಳುವ ಒಂದು ತೂತೂ ಮುಚ್ಚದೆ ಉಳಿಯಬಾರದು.

ಎರಡನೆಯದು ಕೊಳವೆ. ನಕ್ಷೆ ತೋರಿಸುವಾಗ ಇದರ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ, ಆದರೆ ಇಂಥ ಕಟ್ಟಡ ಸೋಲುವುದಾದರೆ ಇಲ್ಲೇ ಸೋಲುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇದ್ದವರಿಗೆಲ್ಲ ಗೊತ್ತು, ಮೇಲಿನ ಮನೆಯ ಬಚ್ಚಲು ಸೋರಿದರೆ ಕೆಳಗಿನ ಮನೆಯವರ ಜತೆ ಮಾತು ಬಿಡುವವರೆಗೂ ಹೋಗುತ್ತದೆ. ಕೆಳಗಿರುವುದು ತರಗತಿಯಾದರೆ? ಮಳೆಗಾಲವಲ್ಲದ ಮಳೆಗಾಲ. ಚಾವಣಿಯಲ್ಲಿ ಹಳದಿ ಕಲೆ, ಆಮೇಲೆ ಬೂಷ್ಟು, ಆಮೇಲೆ ಮೂರನೇ ಸಾಲಿನ ಬೆಂಚು ಎಳೆದು ಪಕ್ಕಕ್ಕೆ ಹಾಕುವುದು. ಹತ್ತು ಮನೆಗಳ ಬಚ್ಚಲು, ಕಕ್ಕಸು, ಅಡುಗೆಮನೆಯ ಕೊಳವೆಗಳು ನೇರ ಕೆಳಗಿಳಿದರೆ ತರಗತಿಯ ನಡುವೆಯೇ ಬರುತ್ತವೆ. ಅವನ್ನು ತಿರುಗಿಸಿ ಅಂಚಿಗೆ ಒಯ್ಯಲು ಜಾಗ ಬೇಕು. ಅದಕ್ಕೇ ನಾನು ಶಾಲೆ ಮತ್ತು ಮನೆಗಳ ನಡುವೆ ಒಂದು ಕುಳ್ಳು ಮಹಡಿ ಬಿಡಿ ಎನ್ನುವುದು. ಮನುಷ್ಯ ಒಳಹೊಕ್ಕು, ಬಗ್ಗಿ ನಿಂತು ಕೊಳವೆ ನೋಡುವಷ್ಟು ಎತ್ತರ ಸಾಕು. ಪ್ಲಂಬರ್ ಬಂದರೆ ತರಗತಿಗೆ ಕಾಲಿಡದೆ ಕೆಲಸ ಮುಗಿಸಿ ಹೋಗಬೇಕು. ಖರ್ಚು ಉಳಿಸಲು ಹೊರಟವರು ಮೊದಲು ಕತ್ತರಿ ಹಾಕುವುದು ಈ ಮಹಡಿಗೆ. ದಯವಿಟ್ಟು ಬಿಡಬೇಡಿ.

ಆ ಮಹಡಿ ಸದ್ದನ್ನೂ ತಡೆಯುತ್ತದೆ. ಮೇಲೆ ಮಿಕ್ಸಿ, ಮಂಚ ಎಳೆಯುವುದು, ತೆಂಗಿನಕಾಯಿ ಒಡೆಯುವುದು ಇದ್ದದ್ದೇ. ಸ್ಲ್ಯಾಬಿಗೆ ಬಿದ್ದ ಪೆಟ್ಟು ಕೆಳಗಿನ ಕೊಠಡಿಯಲ್ಲಿ ಕುಟ್ಟಿದಂತೆ ಕೇಳುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗುವ ಸದ್ದಿನ ದಾರಿಯೇ ಬೇರೆ, ಅದು ಕಿಟಕಿಯಿಂದ ಕಿಟಕಿಗೆ ಏರುತ್ತದೆ. ಹಾಗಾಗಿ ಶಾಲೆಯ ಭಾಗವನ್ನು ಮುಂದಕ್ಕೆ ಚಾಚಿ, ಮನೆಗಳನ್ನು ಹಿಂದಕ್ಕೆ ಸರಿಸಿ ಕಟ್ಟಬೇಕು. ನಡುವೆ ಸಿಗುವ ತಾರಸಿಗೆ ಜನ ಬಿಡದೆ ಗಿಡ ಹಾಕಿದರೆ ಇನ್ನೊಂದು ಲಾಭವಿದೆ: ಬಾಲ್ಕನಿಯ ಹೂಕುಂಡವೋ ಬಟ್ಟೆ ಒಣಹಾಕುವ ಕೋಲೋ ಕೈತಪ್ಪಿದರೆ ಬೀಳುವುದು ಅಲ್ಲಿ, ಮಕ್ಕಳ ತಲೆಯ ಮೇಲಲ್ಲ.

ಕಂಬಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ತರಗತಿಗೆ ನಡುವೆ ಕಂಬವಿಲ್ಲದ ಏಳು ಮೀಟರ್ ಬೇಕು, ಮನೆಯ ಕೋಣೆಗೆ ಮೂರೂವರೆ ಸಾಕು. ಕಂಬದಿಂದ ಕಂಬಕ್ಕೆ 7.2 ಮೀಟರಿನ ಚೌಕಟ್ಟು ಹಿಡಿದರೆ ಅದರೊಳಗೆ 3.6ರ ಎರಡು ಕೋಣೆ ಸರಿಯಾಗಿ ಕೂರುತ್ತವೆ, ಮನೆಯ ಕಂಬವನ್ನು ತರಗತಿಯ ತಲೆಯ ಮೇಲೆ ತೊಲೆ ಹಾಕಿ ಹೊರಿಸುವ ಸಾಹಸ ತಪ್ಪುತ್ತದೆ. ಆಟಕ್ಕೆಂದು ನೆಲಮಹಡಿಯನ್ನು ಬರೀ ಕಂಬಗಳ ಮೇಲೆ ನಿಲ್ಲಿಸುವ ಆಸೆ ಬರುತ್ತದೆ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಕುಸಿದ ಕಟ್ಟಡಗಳಲ್ಲಿ ಬಹಳಷ್ಟು ಹಾಗೆ ಕಂಬದ ಮೇಲೆ ನಿಂತಿದ್ದಂಥವು. ಮೈಸೂರಿನಲ್ಲಿ ಭೂಕಂಪದ ಅಪಾಯ ಕಡಿಮೆ ಎಂದು ಮಕ್ಕಳಿರುವ ಕಟ್ಟಡದಲ್ಲಿ ಸಡಿಲ ಬಿಡುವುದು ಬೇಡ, ಕಾಂಕ್ರೀಟ್ ಗೋಡೆಗಳು ಬುಡದವರೆಗೂ ಇಳಿಯಲಿ.

ಬೆಳಕಿನ ಬಗ್ಗೆಯೂ ಒಂದು ಮಾತು. ತರಗತಿಗೆ ಉತ್ತರದ ಬೆಳಕು ಒಳ್ಳೆಯದು, ಅಲ್ಲಿ ಬಿಸಿಲು ಬೀಳುವುದಿಲ್ಲ ಎಂದು ಪುಸ್ತಕಗಳಲ್ಲಿ ಓದಿರುತ್ತೇವೆ. ಅದು ಇಂಗ್ಲೆಂಡಿಗೆ ನಿಜ. ನಾವಿರುವುದು 12 ಡಿಗ್ರಿ ಅಕ್ಷಾಂಶದ ಮೇಲೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಉತ್ತರದ ಕಿಟಕಿಗೂ ಸಜ್ಜಾ ಬೇಕು. ಮಳೆನೀರನ್ನೂ ಮರೆಯಬಾರದು: ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, 1200 ಚದರ ಮೀಟರ್ ಮಾಳಿಗೆ, ಪೋಲಾದದ್ದು ಬಿಟ್ಟು ಏಳು ಲಕ್ಷ ಲೀಟರಿಗೂ ಮಿಕ್ಕಿ ಸಿಗುತ್ತದೆ. ನಲವತ್ತು ಮನೆ, ಒಂದು ಶಾಲೆಯ ಶೌಚಾಲಯಗಳಿಗೆ ಅದು ದೊಡ್ಡ ಆಸರೆ.

ಇನ್ನು ಬಾಗಿಲು. 1898ರ ಪ್ಲೇಗ್ ನಂತರ ಮೈಸೂರು ತನ್ನನ್ನು ಹೊಸದಾಗಿ ಕಟ್ಟಿಕೊಂಡಿತು, 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬಂತು. ಚಾಮರಾಜಪುರಂನಂಥ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಇವತ್ತಿಗೂ ಕನ್ಸರ್ವೆನ್ಸಿ ಓಣಿಗಳಿವೆ. ಮಲ ಹೊರುವಂಥ ಅಮಾನವೀಯ ಕೆಲಸಕ್ಕಾಗಿ ಆ ಓಣಿಗಳನ್ನು ಬಿಟ್ಟಿದ್ದರು, ಅದನ್ನು ಹೊಗಳುವ ಮಾತೇ ಇಲ್ಲ. ಆದರೆ ಎರಡು ಬಗೆಯ ಓಡಾಟಕ್ಕೆ ಎರಡು ದಾರಿ ಎಂಬ ನಕ್ಷೆಯ ಜಾಣತನ ಇಂದು ಬೇರೆ ಕೆಲಸಕ್ಕೆ ಬರುತ್ತದೆ. ಶಾಲೆಯ ಗೇಟು ಮುಂದಿನ ಬೀದಿಗೆ, ರಸ್ತೆಯಿಂದ ಒಳಕ್ಕೆ ಸರಿದು, ಪೋಷಕರು ನಿಲ್ಲಲು ನೆರಳಿನ ಜಗಲಿಯೊಂದಿಗೆ. ಮನೆಯವರ ದಾರಿ ಹಿಂದಿನ ಬೀದಿಗೆ. ಡೆಲಿವರಿ ಹುಡುಗರು, ನೆಂಟರು, ಗ್ಯಾಸಿನ ಗಾಡಿ ಎಲ್ಲ ಅಲ್ಲಿಂದಲೇ. ಶಾಲೆ ನಡೆಯುವ ಹೊತ್ತಿನಲ್ಲಿ ಮೇಲಿನ ಮನೆಯ ಯಾರಿಗೂ ಶಾಲೆಯೊಳಕ್ಕೆ ಬಾಗಿಲಿರಬಾರದು. ಗ್ರಂಥಾಲಯ, ಸಭಾಂಗಣ, ಮೈದಾನ ಈ ಮೂರಕ್ಕೆ ಮಾತ್ರ ಎರಡು ಬಾಗಿಲು. ಸಂಜೆ ಐದಕ್ಕೆ ಶಾಲೆಯ ಕಡೆಯದು ಮುಚ್ಚಿದ ಮೇಲೆ ಬೀದಿಯ ಕಡೆಯದು ತೆರೆಯುತ್ತದೆ. ಕೀಲಿ ಶಾಲೆಯದೇ. ತೆರೆಯುವುದು ಇಡೀ ಬಡಾವಣೆಗೆ, ಬರೀ ಮೇಲಿನ ನಲವತ್ತು ಮನೆಗಲ್ಲ.

ಕಡೆಯದಾಗಿ ಮಾಲೀಕತ್ವ. ನಮ್ಮಲ್ಲಿ ಅಪಾರ್ಟ್‌ಮೆಂಟ್ ಮಾರುವಾಗ ನೆಲದ ಅವಿಭಜಿತ ಪಾಲನ್ನೂ ಜತೆಗೇ ಬರೆದುಕೊಡುತ್ತಾರೆ. ಶಾಲೆಯ ನೆಲದ ಮೇಲಿನ ನಲವತ್ತು ಮನೆ ಮಾರಿದಿರಿ ಅಂದರೆ ಆ ನೆಲಕ್ಕೆ ನಲವತ್ತು ಮಾಲೀಕರು. ಮೂವತ್ತು ವರ್ಷದ ಮೇಲೆ ಕಟ್ಟಡ ಹಳೆಯದಾಗಿ ಕೆಡವಬೇಕಾದಾಗ ಶಾಲೆಯದು ನಲವತ್ತೊಂದನೇ ದನಿ. ಊರ ನಡುವೆ ಮಕ್ಕಳು ಕಡಿಮೆಯಾದ ಸರ್ಕಾರಿ ಶಾಲೆಗಳಿವೆ, ಅವುಗಳ ನೆಲಕ್ಕೆ ಚಿನ್ನದ ಬೆಲೆಯಿದೆ. ಮನೆ ಕೂಡಿಸುವ ನೆಪದಲ್ಲಿ ಆ ನೆಲ ಕೈಬಿಟ್ಟುಹೋದರೆ ಮತ್ತೆ ಬರುವುದಿಲ್ಲ. ಅದಕ್ಕೇ ಮನೆಗಳು ಬಾಡಿಗೆಯವೇ ಆಗಿರಬೇಕು, ಮಾರುವ ಹಾಗಿರಬಾರದು. ಬೇರೆ ಊರಿಂದ ವರ್ಗವಾಗಿ ಬಂದ ಮೇಷ್ಟ್ರುಗಳು, ನರ್ಸುಗಳು, ಪೌರಕಾರ್ಮಿಕರ ಕುಟುಂಬಗಳು ಅಲ್ಲಿರಲಿ. ಈ ಊರು ನಡೆಯುವುದು ಅವರಿಂದ, ಊರೊಳಗೆ ಮನೆ ಸಿಗದೆ ಇರುವುದೂ ಅವರಿಗೇ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು.

ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಕೇಳಿದರು: "ಅಲ್ಲಪ್ಪಾ, ಶಾಲೆಯ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ ಅಂತಾರೆ. ಗಣೇಶನ ಹಬ್ಬ, ಮದುವೆ, ನಾಮಕರಣ ಅಂತ ಮೇಲಿನ ಮನೆಯವರು ಮೈಕು ಹಾಕಿದರೆ ಮಕ್ಕಳ ಪರೀಕ್ಷೆ ಗತಿಯೇನು?"

ಮೇಡಂ, 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ನಿಶ್ಶಬ್ದ ವಲಯಕ್ಕೆ 50 ಎಂದಿದೆ. ಇಲ್ಲಿ ಬಾಡಿಗೆಗೆ ಬರುವವರು 50ರ ವಲಯಕ್ಕೆ ಒಪ್ಪಿಯೇ ಬರಬೇಕು, ಕರಾರಿನಲ್ಲೇ ಬರೆದಿರಬೇಕು. ಸಭಾಂಗಣ ಮಾರ್ಚಿ ತಿಂಗಳಿಡೀ ಯಾರಿಗೂ ಇಲ್ಲ. ಮಕ್ಕಳು ಆಡುವ ಗಲಾಟೆ ಮಾತ್ರ ಮೇಲಿನವರು ಸಹಿಸಿಕೊಳ್ಳಬೇಕು, ಅದನ್ನು ಡೆಸಿಬಲ್ಲಿನಲ್ಲಿ ಅಳೆಯಲು ನನಗೆ ಮನಸ್ಸಿಲ್ಲ.

ಒಬ್ಬ ತಂದೆ: "ಸರ್, ಅಷ್ಟು ಬಾಲ್ಕನಿಗಳಿಂದ ಯಾರ್ಯಾರೋ ನಮ್ಮ ಹೆಣ್ಣುಮಕ್ಕಳನ್ನು ನೋಡುತ್ತಾ ನಿಂತರೆ?"

ಈ ಆತಂಕ ಸರಿಯಾದದ್ದು. ಮೈದಾನದ ಕಡೆಗೆ ಮನೆಗಳ ಅಡುಗೆಮನೆ ಮತ್ತು ಓಡಾಟದ ಪಡಸಾಲೆ ಬರಲಿ, ಬಾಲ್ಕನಿ, ಮಲಗುವ ಕೋಣೆಗಳು ಇನ್ನೊಂದು ಕಡೆಗೆ. ಪಡಸಾಲೆಯಲ್ಲಿ ಹಾದುಹೋಗುವವರನ್ನು ಹತ್ತು ಜನ ನೋಡುತ್ತಾರೆ, ಬಾಲ್ಕನಿಯಲ್ಲಿ ನಿಂತವರು ಒಬ್ಬರೇ. ಶೌಚಾಲಯ, ಕೈತೊಳೆಯುವ ಜಾಗಕ್ಕೆ ಮೇಲಿನಿಂದ ಕಾಣದಂತೆ ಸೂರು ಇರಲೇಬೇಕು.

ಎಷ್ಟು ಮಹಡಿಯವರೆಗೆ ಹೋಗಬಹುದು ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಪುಟ್ಟ ಮಕ್ಕಳ ತರಗತಿ ನೆಲದ ಮೇಲೇ ಇರಲಮ್ಮಾ, ದೊಡ್ಡವರದು ಒಂದನೇ ಮಹಡಿಯಲ್ಲಿ, ಅದಕ್ಕಿಂತ ಮೇಲೆ ತರಗತಿ ಬೇಡ. ಮನೆಗಳು ಅದರ ಮೇಲೆ ನಾಲ್ಕು ಮಹಡಿ. ಮೈಸೂರಿನ ಮರಗಳಿಗಿಂತ ತುಸು ಎತ್ತರ, ಅಷ್ಟು ಸಾಕು.

ಕೊನೆಯ ಪ್ರಶ್ನೆ, ಎಲ್ಲರ ಮನಸ್ಸಿನಲ್ಲೂ ಇದ್ದದ್ದು: "ಖರ್ಚು ಯಾರದು? ಲಿಫ್ಟು ಕೆಟ್ಟರೆ, ಸಂಪು ಒಡೆದರೆ, ಬಣ್ಣ ಬಳಿಸಬೇಕಾದರೆ?"

ಕರೆಂಟು ಮೀಟರು, ಸಂಪು, ಪಂಪು ಎಲ್ಲ ಎರಡೆರಡು, ಮೊದಲ ದಿನದಿಂದಲೇ. ಲಿಫ್ಟ್ ಮನೆಗಳದು, ಅದರ ಖರ್ಚು ಬಾಡಿಗೆಯಲ್ಲಿ. ಶಾಲೆಯ ಮಹಡಿಗೆ ಹೋಗಲು ಗಾಲಿಕುರ್ಚಿಗೆ ಬೇಕಾದದ್ದು ಇಳಿಜಾರು ದಾರಿ, ಅದು ಕರೆಂಟ್ ಹೋದರೂ ಕೆಡುವುದಿಲ್ಲ. ಚಾವಣಿ, ಹೊರಗೋಡೆ, ಆ ಕುಳ್ಳು ಮಹಡಿಯ ಕೊಳವೆಗಳು, ಈ ಮೂರಕ್ಕೆ ಪ್ರತಿ ತಿಂಗಳ ಬಾಡಿಗೆಯಿಂದ ಒಂದು ಪಾಲು ತೆಗೆದಿಟ್ಟು, ಶಾಲಾಭಿವೃದ್ಧಿ ಸಮಿತಿಯೂ ಬಾಡಿಗೆದಾರರೂ ಸೇರಿ ಸಹಿ ಮಾಡುವ ಪ್ರತ್ಯೇಕ ಖಾತೆಯಲ್ಲಿಡಬೇಕು. ಸೋರಿಕೆ ಕಂಡ ದಿನವೇ ಪ್ಲಂಬರನ್ನು ಕರೆಸಲು ಮುಖ್ಯೋಪಾಧ್ಯಾಯರು ಯಾವ ಕಚೇರಿಗೂ ಪತ್ರ ಬರೆದು ಕಾಯುವಂತಿರಬಾರದು.